ಚೀಟಿ ಎತ್ತಿ ಪಾಲಾದ ಕಾರು

ಹಳೆಯ ಕಾರುಗಳನ್ನು ದುರಸ್ತಿ ಮಾಡುವ ಷೆಡ್ಡಿನಲ್ಲಿ ಕೆಲಸ ಮಾಡಿ ನಿವೃತ್ತಳಾದೆ ಎಂದರೆ ಕೇಳಿದವರು ಮೊದಲು ನನ್ನ ಕೈ ನೋಡುತ್ತಾರೆ. ಕೈಯಲ್ಲಿ ಏನೂ ಇಲ್ಲ. ನಾನು ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಓದಿದವಳು. ಬ್ಯಾಂಕಿನ ಗಂಡನಿಗೆ ಮದ್ರಾಸಿಗೆ ವರ್ಗವಾಗಿ ವೆಸ್ಟ್ ಮಾಂಬಲಂನಲ್ಲಿ ಮನೆ ಮಾಡಿದಾಗ ಹತ್ತಿರದ ಶಾಲೆಗಳಲ್ಲಿ ಕೆಲಸ ಹುಡುಕಿದೆ, ಸಿಗಲಿಲ್ಲ. ಕೋಡಂಬಾಕ್ಕಂನ ಒಂದು ಷೆಡ್ಡಿನಲ್ಲಿ ಇಂಗ್ಲಿಷ್ ಬಲ್ಲವರು ಬೇಕಾಗಿದ್ದಾರೆ ಎಂದು ಯಾರೋ ಹೇಳಿದರು. ಷೆಡ್ಡಿನ ಯಜಮಾನರು ಮಾಣಿಕ್ಕಂ. ಅವರು ನನ್ನ ಮುಂದೆ ಎಣ್ಣೆ ಹಿಡಿದ ಒಂದು ಬ್ರಿಟಿಷ್ ಕೈಪಿಡಿ ಇಟ್ಟು, ಗಟ್ಟಿಯಾಗಿ ಓದಿ ಎಂದರು. ಗೇರುಪೆಟ್ಟಿಗೆಯನ್ನು ಬಿಚ್ಚುವ ಅಧ್ಯಾಯದ ಅರ್ಧ ಪುಟ ಓದಿದೆ. "ಕಂಠ ಚೆನ್ನಾಗಿದೆ, ನಾಳೆಯಿಂದ ಬನ್ನಿ" ಎಂದರು. ನನ್ನ ಸಂದರ್ಶನ ಮುಗಿಯಿತು.

ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಎಲ್ಲವನ್ನೂ ಫೋನಿನಲ್ಲಿ ನೋಡಿಕೊಂಡು ಮಾಡುತ್ತಾರೆ. ಆಗ ನಮ್ಮಲ್ಲಿ ನಡೆಯುತ್ತಿದ್ದದ್ದು ಗಮಕ. ಬೆಳಿಗ್ಗೆ ಎಲ್ಲರೂ ಕಾರಿನ ಸುತ್ತ ಕೂರುವುದು, ನಾನು ಸ್ಟೂಲಿನ ಮೇಲೆ ಕೂತು ಕೈಪಿಡಿಯ ಒಂದು ವಾಕ್ಯ ಓದಿ ಅದರ ಅರ್ಥವನ್ನು ನನ್ನ ಮೈಸೂರು ತಮಿಳಿನಲ್ಲಿ ಹೇಳುವುದು, ಅನಂತರ ಹಿರಿಯ ಫಿಟ್ಟರ್ ಧರ್ಮಲಿಂಗಂ ವ್ಯಾಖ್ಯಾನ ಮಾಡುವುದು. ವ್ಯಾಖ್ಯಾನಕ್ಕೂ ಮೂಲಕ್ಕೂ ಸಂಬಂಧ ಇರಲೇಬೇಕೆಂದು ಧರ್ಮಲಿಂಗಂ ಭಾವಿಸಿರಲಿಲ್ಲ. "ಈ ಭಾಗವನ್ನು ಸುತ್ತಿಗೆಯಿಂದ ಹೊಡೆಯಕೂಡದು" ಎಂದು ನಾನು ಓದಿದರೆ, "ಅಂದರೆ ದೊಡ್ಡ ಸುತ್ತಿಗೆಯಿಂದ" ಎಂದು ಆತ ವಿವರಿಸುತ್ತಿದ್ದ. ಪುಸ್ತಕ ಬರೆದದ್ದು ಲಂಡನ್ನಿನ ಚಳಿಗೆ, ನಮ್ಮ ಬಿಸಿಲಿಗೆ ಅದರಲ್ಲಿ ಅರ್ಧ ಕಳೆಯಬೇಕು ಎಂಬುದು ಅವನ ಸಿದ್ಧಾಂತ. ಅವನ ಮಾತು ಸರಿಯಾದಷ್ಟೇ ಸಲ ತಪ್ಪೂ ಆಗುತ್ತಿತ್ತು. ಎರಡರಲ್ಲೂ ಅವನ ಧ್ವನಿ ಒಂದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ದಿನಚರಿ ಬರೆಯುವವಳು. ಇದನ್ನು ಬರೆಯಲು ಕೂತಾಗ ಹಳೆಯ ದಿನಚರಿ ತೆಗೆದು ನೋಡಿದೆ. ನನ್ನ ನೆನಪಿನಲ್ಲಿ ದೊಡ್ಡದಾಗಿ ಬೆಳೆದು ನಿಂತಿರುವ ಒಂದು ದಿನದ ಪುಟದಲ್ಲಿ "ಸೀರೆಯ ಗ್ರೀಸ್ ಕಲೆ ಸೀಮೆಎಣ್ಣೆಗೂ ಹೋಗಲಿಲ್ಲ" ಎಂದು ಮಾತ್ರ ಇದೆ. ಹಾಗಾಗಿ ಮುಂದೆ ಬರುವ ಮಾತುಗಳಲ್ಲಿ ನಾನು ಕೇಳಿದ್ದೆಷ್ಟು, ಧರ್ಮಲಿಂಗಂ ಚಹಾ ಹೊತ್ತಿನಲ್ಲಿ ಮತ್ತೆ ಮತ್ತೆ ಅಭಿನಯಿಸಿ ತೋರಿಸಿದ್ದೆಷ್ಟು ಎಂದು ಬೇರೆ ಮಾಡಲು ನನಗೆ ಆಗುವುದಿಲ್ಲ.

ಹಳೆಯ ಕಾರಿನ ಜೊತೆಗೆ ಅದರ ಮನೆಯವರೂ ಷೆಡ್ಡಿಗೆ ಬರುತ್ತಾರೆ. ಕಾರನ್ನು ಬಿಚ್ಚಿ ತೊಳೆದು ಇಡಬಹುದು, ಮನೆಯವರನ್ನು ಹಾಗೆ ಮಾಡಲಾಗುವುದಿಲ್ಲ. ಇದು ನನಗೆ ಗೊತ್ತಾದದ್ದು ರಾಯರ ಕಾರಿನಿಂದ.

ಉಡುಪಿ ಕಡೆಯಿಂದ ಬಂದು ಮದ್ರಾಸಿನಲ್ಲಿ ಸಸ್ಯಾಹಾರಿ ಹೋಟೆಲು ನಡೆಸಿದ ಒಬ್ಬ ಹಿರಿಯರು, ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಇಂಗ್ಲಿಷರವನಿಂದ ಎರಡು ಸೀಟಿನ, ಮಾಡು ಮಡಚುವ, ಉದ್ದ ಮೂತಿಯ ಒಂದು ಓಟದ ಕಾರು ಕೊಂಡಿದ್ದರು. ಹಸಿರು ಬಣ್ಣ. ಕಾರಿನ ಕಂಪನಿಯ ಹೆಸರು ನಾನು ಬರೆಯುವುದಿಲ್ಲ, ಬಲ್ಲವರು ಮೂತಿಯಿಂದಲೇ ಊಹಿಸುತ್ತಾರೆ. ಅವರು ತೀರಿಕೊಂಡಾಗ ಕಾರು ಗೋದಾಮಿನಲ್ಲಿ ಬಿಚ್ಚಿದ ಸ್ಥಿತಿಯಲ್ಲಿತ್ತು. ಯಾರೋ ಮೆಕ್ಯಾನಿಕ್ ಅದರ ಮೈಯನ್ನು ಎತ್ತಿ ಕುದುರೆ ಎಂದು ಕರೆಯುವ ಮರದ ಆಸರೆಗಳ ಮೇಲಿಟ್ಟು, ಎಂಜಿನ್ನು ಚಕ್ರಗಳಿದ್ದ ಅಡಿಗಟ್ಟನ್ನು, ಅಂದರೆ ಷಾಸಿಯನ್ನು, ನೆಲದ ಮೇಲೆ ಬಿಟ್ಟು ಹೋಗಿದ್ದ.

ಇಬ್ಬರು ಮಕ್ಕಳು. ದೊಡ್ಡವರು ವಾಸುದೇವ ರಾವ್, ಚಿಕ್ಕವರು ಗಣಪತಿ ರಾವ್. ಪಾಲು ಮಾಡಲು ಊರಿನಿಂದ ಸೋದರಮಾವ ಬಂದರು. ಅವರು ನ್ಯಾಯವಂತರು, ಕಾರಿನ ಬಗ್ಗೆ ಏನೂ ಅರಿಯದವರು. ಗೋದಾಮಿನಲ್ಲಿ ಕಂಡ ವಸ್ತುಗಳಿಗೆಲ್ಲ ಒಂದೊಂದು ಚೀಟಿ ಬರೆದರು. ಇಡ್ಲಿ ಅಟ್ಟಗಳಿಗೆ ಒಂದು, ರುಬ್ಬುವ ಯಂತ್ರಕ್ಕೆ ಒಂದು, ಮರದ ಕುದುರೆ ಮೇಲಿದ್ದ ಹಸಿರು ವಸ್ತುವಿಗೆ ಒಂದು, ನೆಲದ ಮೇಲಿದ್ದ ಚಕ್ರದ ವಸ್ತುವಿಗೆ ಒಂದು. ದೇವರ ಮುಂದೆ ಕಾಯಿ ಇಟ್ಟು ಚೀಟಿ ಎತ್ತಿಸಿದರು. ಮೈ ಅಣ್ಣನಿಗೆ ಬಂತು, ಅಡಿಗಟ್ಟು ಮತ್ತು ಎಂಜಿನ್ನು ತಮ್ಮನಿಗೆ. ತಪ್ಪು ಗೊತ್ತಾದ ಮೇಲೂ ಯಾರೂ ತಿದ್ದಲಿಲ್ಲ. ದೇವರ ಮುಂದೆ ಎತ್ತಿದ ಚೀಟಿಯನ್ನು ಮತ್ತೆ ಎತ್ತುವ ಹಾಗಿಲ್ಲ. ಎತ್ತಿದರೆ ದೇವರಿಗೆ ಮೊದಲ ಸಲ ಗೊತ್ತಾಗಲಿಲ್ಲ ಎಂದಂತೆ. ನಂಬರು ಫಲಕ ಮೈಗೆ ಅಂಟಿಕೊಂಡಿದ್ದರಿಂದ ಅದು ಅಣ್ಣನದಾಯಿತು. ನೋಂದಣಿಯ ಕಾಗದ ಅಡಿಗಟ್ಟಿನ ಸಂಖ್ಯೆಯ ಮೇಲೆ ಇದ್ದದ್ದರಿಂದ ತಮ್ಮನದಾಯಿತು. ಆ ದಿನದಿಂದ ಇಬ್ಬರಿಗೂ ಮಾತಿಲ್ಲ.

ವಾಸುದೇವ ರಾವ್ ವೇಲಚೇರಿಯಲ್ಲಿ ಹೊಸ ಆಫೀಸುಗಳವರಿಗಾಗಿ ದೊಡ್ಡ ಹೋಟೆಲು ತೆರೆದರು. ಗಣಪತಿ ರಾವ್ ವೆಸ್ಟ್ ಮಾಂಬಲಂನ ಅಪ್ಪನ ಹಳೆಯ ಹೋಟೆಲನ್ನೇ ನಡೆಸಿದರು. ಆಮೇಲೆ ಒಂದೇ ವಾರದಲ್ಲಿ, ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರು, ಇಬ್ಬರೂ ನಮ್ಮಲ್ಲಿಗೆ ಬಂದರು.

"ಮೈ ಉಂಟು. ಕೆಳಗೆ ಎಂಜಿನ್ ಮಾಡಿ ಕೊಡಿ. ಅಪ್ಪನ ಗಾಡಿ ಅಂದ್ರೆ ಮೈ ಅಲ್ವಾ? ಎಂಜಿನನ್ನ ಯಾರು ನೋಡ್ತಾರೆ?" ಎಂದರು ವಾಸುದೇವ ರಾವ್.

"ಎಂಜಿನ್ ಉಂಟು. ಮೇಲೆ ಮೈ ಮಾಡಿ ಕೊಡಿ. ಗಾಡಿಯ ಜೀವ ಎಲ್ಲಿರುದು ಹೇಳಿ ಅಮ್ಮಾ, ತಗಡಿನಲ್ಲಾ?" ಎಂದರು ಗಣಪತಿ ರಾವ್.

ಮಾಣಿಕ್ಕಂ ಇಬ್ಬರಿಗೂ ಒಪ್ಪಿಕೊಂಡರು. ನಾನು ಇದು ಸರಿಯೇ ಎಂದು ಕೇಳಿದ್ದಕ್ಕೆ, "ಒಂದು ಕಾರು ಬಂದು ಎರಡಾಗಿ ಹೋಗುವುದು ಎಷ್ಟು ಷೆಡ್ಡುಗಳ ಹಣೆಯಲ್ಲಿ ಬರೆದಿದೆ ಮೇಡಂ?" ಎಂದರು. ಷೆಡ್ಡಿನ ಒಂದು ತುದಿಯಲ್ಲಿ ಮೈ, ಇನ್ನೊಂದು ತುದಿಯಲ್ಲಿ ಅಡಿಗಟ್ಟು. ನಡುವೆ, ಮುಚ್ಚಿಹೋಗಿದ್ದ ಸಿನಿಮಾ ಸ್ಟುಡಿಯೊ ಒಂದರಿಂದ ತಂದ ಬಣ್ಣದ ಪರದೆ ಇಳಿಬಿಟ್ಟರು. ಅದರ ಮೇಲೆ ಕಾಶ್ಮೀರದ ಸರೋವರ, ದೋಣಿಮನೆ, ಹಿಂದೆ ಹಿಮದ ಬೆಟ್ಟ. ಕೋಡಂಬಾಕ್ಕಂನ ಸೆಕೆಯಲ್ಲಿ ಆ ಹಿಮದ ಕೆಳಗೆ ಕೂತು ನಾವು ಬೆವರುತ್ತಿದ್ದೆವು.

ಗಣಪತಿ ರಾಯರ ಹೊಸ ಮೈಗೆ ಮೊದಲು ಮರದ ಅಚ್ಚು ಬೇಕಿತ್ತು. ಅದರ ಮೇಲೆ ತಗಡನ್ನು ಬಡಿದು ರೂಪ ಕೊಡುವುದು ಕ್ರಮ. ಮರಗೆಲಸಕ್ಕೆ ಮಾಣಿಕ್ಕಂ ಒಬ್ಬ ಆಚಾರಿಯನ್ನು ಕರೆತಂದರು. ಸಿನಿಮಾ ಸೆಟ್ಟುಗಳಿಗೆ ಅರಮನೆ, ವಿಮಾನ, ರೈಲುಡಬ್ಬಿ ಎಲ್ಲ ಕಟ್ಟಿದ್ದ ಕೈ. ಯಾರೂ ಹತ್ತಿರ ಬರಕೂಡದು ಎಂದು ಸುತ್ತ ಗೋಣಿ ಕಟ್ಟಿಕೊಂಡು ಕೆಲಸ ಮಾಡಿದರು. ಮುಗಿದ ದಿನ ಗೋಣಿ ಸರಿಸಿದಾಗ ಎಲ್ಲರ ಬಾಯಿಂದ ಮೆಚ್ಚುಗೆ ಹೊರಟಿತು. ಆ ಬಾಗು, ಆ ಮೂತಿ, ಬಾಗಿಲಿನ ಇಳಿಜಾರು, ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ಧರ್ಮಲಿಂಗಂ ಸುತ್ತು ಹಾಕಿ ಆಚೆ ಹೋದವನು ಅಲ್ಲೇ ನಿಂತ.

ಬಲಭಾಗ ಇರಲೇ ಇಲ್ಲ. ನಾಲ್ಕು ಊರುಗೋಲು ಕೊಟ್ಟು ಎಡಭಾಗವನ್ನು ನಿಲ್ಲಿಸಿದ್ದರು.

"ಇನ್ನೊಂದು ಕಡೆ ಎಲ್ಲಿ ಆಚಾರಿ?" ಎಂದರು ಮಾಣಿಕ್ಕಂ.

"ಕ್ಯಾಮೆರಾ ಎರಡೂ ಕಡೆ ಇಡ್ತಾರಾ?" ಎಂದು ಆಚಾರಿ ನಿಜವಾದ ಆಶ್ಚರ್ಯದಿಂದ ಕೇಳಿದರು.

ಬಲಭಾಗವನ್ನು ಆಮೇಲೆ ಮಾಡಿದರು, ಆದರೆ ಅವರಿಗೆ ಅದು ಕಡೆಯವರೆಗೂ ವ್ಯರ್ಥ ಖರ್ಚಾಗಿಯೇ ಕಂಡಿತು.

ಅಳತೆ ಸರಿಯೋ ಎಂದು ತಿಳಿಯಲು ಒಂದೇ ದಾರಿ: ಮೂಲ ಮೈಯನ್ನು ಮೂಲ ಅಡಿಗಟ್ಟಿನ ಮೇಲೆ ಕೂರಿಸಿ ನೋಡುವುದು. ಭಾನುವಾರ ಬಾಗಿಲು ಹಾಕಿಕೊಂಡು ಆರು ಜನ ಮೈಯನ್ನು ಪಲ್ಲಕ್ಕಿಯಂತೆ ಎತ್ತಿ ಕಾಶ್ಮೀರವನ್ನು ದಾಟಿಸಿ ಆಚೆ ಕೂರಿಸುತ್ತಿದ್ದರು. ಆ ಹೊತ್ತು ಮಾತ್ರ ಅದು ಇಡೀ ಕಾರಾಗಿರುತ್ತಿತ್ತು. ಅಳತೆ ತೆಗೆದು ಮುಗಿದ ಮೇಲೂ ಯಾರಿಗೂ ಎತ್ತಲು ಮನಸ್ಸಾಗುತ್ತಿರಲಿಲ್ಲ. ಅಂಥ ಒಂದು ಭಾನುವಾರ ಬಾಗಿಲು ಬಡಿಯಿತು. ಗಣಪತಿ ರಾಯರ ಧ್ವನಿ. ಆರು ಜನ ಮೈ ಹೊತ್ತು ಓಡಿದರು. ಬಾಗಿಲು ತೆರೆದಾಗ ಪರದೆ ಇನ್ನೂ ಅಲ್ಲಾಡುತ್ತಿತ್ತು, ಸರೋವರದ ಕೆಳಗೆ ಹನ್ನೆರಡು ಬರಿಗಾಲು ಕಾಣುತ್ತಿದ್ದವು.

"ಆ ಪರದೆ ಹಿಂದೆ ಎಂತ ಉಂಟು?" ಎಂದರು ರಾಯರು.

"ಕಾಶ್ಮೀರ್ ಸಾರ್" ಎಂದರು ಮಾಣಿಕ್ಕಂ.

ರಾಯರು ಕಾಲುಗಳನ್ನು ಸ್ವಲ್ಪ ಹೊತ್ತು ನೋಡಿದರು. "ಅಣ್ಣಯ್ಯನ ಕಾಶ್ಮೀರಕ್ಕೆ ತುಕ್ಕು ಹಿಡ್ದಿರ್ಬೇಕು, ಎಣ್ಣೆ ಹಚ್ಚಿ" ಎಂದು ಹೇಳಿ ಹೊರಟುಹೋದರು. ಅವರಿಗೆ ಎಷ್ಟು ಕಾಲದಿಂದ ಗೊತ್ತಿತ್ತೋ. ಅಣ್ಣನಿಗೂ ಗೊತ್ತಿತ್ತು. ಗೊತ್ತಿಲ್ಲದವರಂತೆ ಇರುವುದಕ್ಕಾಗಿ ಪರದೆ ಇಬ್ಬರಿಗೂ ಬೇಕಾಗಿತ್ತು.

ಆ ಕೆಲಸದ ನಡುವೆಯೇ ನಮ್ಮ ರೀತಿಯೂ ಬದಲಾಯಿತು. ಮೊದಲು ಒಂದು ದೀಪದ ಗಾಜಿಗೆ ಇಂಗ್ಲೆಂಡಿಗೆ ಕಾಗದ ಬರೆದು ತಿಂಗಳುಗಟ್ಟಲೆ ಕಾಯುತ್ತಿದ್ದೆ. ಆಮೇಲೆ ಈಮೇಲ್ ಬಂತು. ಬಿಡಿಭಾಗ ಮಾರುವ ಅಲ್ಲಿನ ಒಬ್ಬ ಮುದುಕರು ಕೂಡಲೇ ಉತ್ತರಿಸಿ ನೂರು ಪ್ರಶ್ನೆ ಕೇಳತೊಡಗಿದರು. ಈ ಕಾರಿನ ಅಡಿಗಟ್ಟೂ ಮೈಯೂ ಬೇರೆ ಬೇರೆ ಏಕೆ ಎಂದು ಅವರು ಕೇಳಿದಾಗ ಸೋದರಮಾವ, ಕಾಯಿ, ಚೀಟಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರಿಸಿದೆ. ನನ್ನ ಎಂ.ಎ. ಅಷ್ಟು ಕಷ್ಟಪಟ್ಟದ್ದು ಬೇರೆಲ್ಲೂ ಇಲ್ಲ. ಬಹಳ ದಿನ ಬಿಟ್ಟು ಒಂದು ಸಾಲು ಬಂತು: ತಮ್ಮ ದೇಶದಲ್ಲೂ ಅಣ್ಣತಮ್ಮಂದಿರು ಹೀಗೇ, ಆದರೆ ದೇವರನ್ನು ನಡುವೆ ತರುವುದಿಲ್ಲ. ಈಮೇಲಿನಿಂದಾಗಿ ಗಮಕವೂ ನಿಂತಿತು. ಚಿತ್ರಗಳು ಬರತೊಡಗಿದ ಮೇಲೆ ಓದುವ ಕಂಠ ಯಾರಿಗೆ ಬೇಕು?

ಅಣ್ಣನ ಕಾರು ಮುಗಿಯುವ ಹೊತ್ತಿಗೆ ಅವರ ಮಗಳು ವಿದ್ಯಾಗೆ ಮದುವೆ ಗೊತ್ತಾಯಿತು. ದಿಬ್ಬಣ ಅಜ್ಜನ ಕಾರಿನಲ್ಲೇ ಬರಬೇಕು ಎಂದು ವಾಸುದೇವ ರಾವ್ ನಿಶ್ಚಯಿಸಿದರು. ಒಂದು ಮಧ್ಯಾಹ್ನ ವಿದ್ಯಾ ಒಬ್ಬಳೇ ಷೆಡ್ಡಿಗೆ ಬಂದಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರಿಸುವುದು ರೂಢಿ.

"ಚಿತ್ತಪ್ಪಾ ವರಮಾಟ್ಟಾರ್ ಆಂಟಿ" ಎಂದಳು. ಚಿಕ್ಕಪ್ಪ ಬರುವುದಿಲ್ಲವಂತೆ.

"ಯಾಕಮ್ಮ? ಕರೆದಿಲ್ವಾ?"

"ಕರೆದಿದ್ದಾರೆ. ಕೊರಿಯರ್‌ನಲ್ಲಿ."

ನನಗೆ ಮುಂದಿನದೆಲ್ಲ ತಿಳಿಯಿತು. ಒಡಹುಟ್ಟಿದವನ ಮನೆಗೆ ಹೋಗಿ, ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು ಕರೆಯಬೇಕು. ಕೊರಿಯರ್‌ನಲ್ಲಿ ಕಳಿಸುವುದೆಂದರೆ ಬರಬೇಡ ಎಂದು ರಸೀದಿ ಸಹಿತ ಹೇಳಿದಂತೆ. ಅದರ ಮೇಲೆ ಮದುವೆಯ ಮಂಟಪ ಸಿಕ್ಕಿದ್ದು ವೆಸ್ಟ್ ಮಾಂಬಲಂನಲ್ಲಿ, ಗಣಪತಿ ರಾಯರ ಹೋಟೆಲಿನ ಬೀದಿ ಹಿಡಿದೇ ಹೋಗಬೇಕು. ವಿದ್ಯಾಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ್ದು ಆ ಚಿಕ್ಕಪ್ಪ. ಅವರಿಲ್ಲದೆ ಧಾರೆಗೆ ಕೂರುವುದು ಹೇಗೆ ಎಂದು ಅವಳು ಕಣ್ಣೊರೆಸಿಕೊಂಡು, ಧರ್ಮಲಿಂಗಂ ಕಡೆ ತಿರುಗಿ ಕೇಳಿದಳು: ದಿಬ್ಬಣದ ದಿನ ಕಾರು ಚಿಕ್ಕಪ್ಪನ ಹೋಟೆಲಿನ ಮುಂದೆ ಕೆಟ್ಟು ನಿಲ್ಲುವಂತೆ ಮಾಡಬಹುದೇ? ತಮ್ಮ ಅಪ್ಪನ ಗಾಡಿ ಬಾಗಿಲಲ್ಲಿ ಕೆಟ್ಟು ನಿಂತರೆ ಚಿಕ್ಕಪ್ಪ ಇಳಿದು ಬಾರದೆ ಇರಲಾರರು.

"ಸುಮ್ಮನೆ ಬ್ರೇಕ್ ಹಾಕಿ ನಿಲ್ಲಿಸಿದರಾಯಿತು" ಎಂದೆ. ದಿಬ್ಬಣದ ದಿನ ಕಾರು ಓಡಿಸುವವನು ಧರ್ಮಲಿಂಗಂ ತಾನೇ.

ಅವನಿಗೆ ಸಿಟ್ಟು ಬಂತು. "ಪೊಯ್ಯಾ ನಿರುತ್ತ ಎನಕ್ಕು ತೆರಿಯಾದು ಮೇಡಂ" ಎಂದ. ಸುಳ್ಳಾಗಿ ನಿಲ್ಲಿಸಲು ಅವನಿಗೆ ಬರುವುದಿಲ್ಲ. ಹಿಂದೆಯೇ ವ್ಯಾನಿನಲ್ಲಿ ವಾಸುದೇವ ರಾಯರು ಬರುತ್ತಾರೆ, ಮುಚ್ಚಳ ಎತ್ತಿ ನೋಡುತ್ತಾರೆ. ಕೆಟ್ಟರೆ ನಿಜವಾಗಿ ಕೆಡಬೇಕು.

ಹೀಗಾಗಿ ಬಹುಕಾಲದ ಮೇಲೆ ಮತ್ತೆ ಗಮಕ ನಡೆಯಿತು. ಕೈಪಿಡಿಯ ಕೊನೆಯಲ್ಲಿ ಎಂಜಿನ್ನು ದಾರಿಯಲ್ಲಿ ನಿಲ್ಲುವುದಕ್ಕೆ ಕಾರಣಗಳ ಅಧ್ಯಾಯವಿದೆ. ಕೆಡದಂತೆ ನೋಡಿಕೊಳ್ಳಲು ಬರೆದ ಅದನ್ನು ನಾನು ಅಡುಗೆ ಪುಸ್ತಕದಂತೆ ಓದಿದೆ. ವಿದ್ಯಾ ಗ್ರೀಸ್ ಡಬ್ಬದ ಮೇಲೆ ಕೂತು ಕೇಳಿದಳು. ಪೆಟ್ರೋಲಿನಲ್ಲಿ ನೀರು? "ಯಾವಾಗ ನಿಲ್ಲುತ್ತೆ ಅಂತ ಹೇಳೋಕಾಗಲ್ಲ" ಎಂದ ಧರ್ಮಲಿಂಗಂ. ಕುದಿದು ಕಾರಂಜಿಯಂತೆ ಚಿಮ್ಮುವ ರೇಡಿಯೇಟರ್? "ಮದುಮಗಳ ಮೇಲೆ ಹಾರುತ್ತೆ." ಕಡೆಗೆ ಎಂಜಿನ್ನಿಗೆ ಕಿಡಿ ಒಯ್ಯುವ ತಂತಿಯೊಂದು ಆಯ್ಕೆಯಾಯಿತು. ಗಣಪತಿ ರಾಯರ ಹೋಟೆಲಿನ ಮುಂದೆ ಕೊಳವೆ ಹಾಕಲು ಅಗೆದ ಅಡ್ಡಗುಂಡಿ ಒಂದು ಆ ಬೀದಿಯ ಶಾಶ್ವತ ನಿವಾಸಿ. ಆ ಗುಂಡಿಗೆ ಚಕ್ರ ಇಳಿದರೆ ಮಾತ್ರ ಕಳಚುವಷ್ಟು ತಂತಿಯನ್ನು ಸಡಿಲಿಸಬೇಕು. ಷೆಡ್ಡಿನ ಹಿಂದೆಯೂ ಅಂಥದೇ ಗುಂಡಿ ಇತ್ತು. ಧರ್ಮಲಿಂಗಂ ಪರೀಕ್ಷೆ ಮಾಡಿದಾಗಲೆಲ್ಲ ಕಾರು ಗುಂಡಿಯಲ್ಲೇ ನಿಂತಿತು. ಅವನು ತನ್ನ ವೃತ್ತಿಯಲ್ಲಿ ಅಷ್ಟು ನಾಜೂಕಿನ ಕೆಲಸ ಮಾಡಿರಲಿಲ್ಲ.

ಮದುವೆಯ ಬೆಳಿಗ್ಗೆ ನನ್ನ ಕೆಲಸ ಗಣಪತಿ ರಾಯರನ್ನು ಬಾಗಿಲಲ್ಲಿ ಹಿಡಿದು ನಿಲ್ಲಿಸುವುದು. ರಿಕ್ಷಾದಿಂದ ಇಳಿದು ನೋಡುತ್ತೇನೆ, ಗುಂಡಿ ಇಲ್ಲ. ಕಪ್ಪು ಡಾಂಬರು ಹೊಸದಾಗಿ ಹೊಳೆಯುತ್ತಿತ್ತು. ಆ ಬೀದಿಗೆ ವರ್ಷಗಳಿಂದ ಆಗದಿದ್ದ ಉಪಕಾರವನ್ನು ಯಾರೋ ನಿನ್ನೆ ಮಾಡಿದ್ದರು. ಹೇಳಿ ಕಳಿಸಲು ಧರ್ಮಲಿಂಗಂ ಹತ್ತಿರ ಫೋನಿರಲಿಲ್ಲ.

ಗಣಪತಿ ರಾವ್ ಗಲ್ಲಾದಲ್ಲಿ ಕೂತಿದ್ದರು. ಅವರ ಹೊಸ ಮೈಯ ಕಾರು ಹೋಟೆಲಿನ ಮುಂದೆ ಮೂತಿಯನ್ನು ಬೀದಿಗೆ ಮಾಡಿ ನಿಂತಿತ್ತು. ನಾನು ಕಾಫಿ ಹಿಡಿದು ಬಾಗಿಲಿಗೆ ಬಂದೆ. ಅವರೂ ಬಂದರು.

"ಇವತ್ತು ಎಂತ ಅಮ್ಮಾ, ರೇಷ್ಮೆ ಸೀರೆ?"

"ಮದುವೆ ಇದೆಯಲ್ಲ ರಾಯರೇ."

"ಹೌದಾ? ಯಾರದ್ದು?" ಎಂದರು. ಅವರೂ ಹೊಸ ಪಂಚೆ ಉಟ್ಟಿದ್ದರು.

ನಾದಸ್ವರ ಕೇಳಿಸಿತು. ಬೀದಿಯ ತಿರುವಿನಲ್ಲಿ ಹಸಿರು ಮೂತಿ ಕಂಡಿತು. ತೆರೆದ ಕಾರು, ತಲೆತುಂಬ ಮಲ್ಲಿಗೆ ಮುಡಿದ ವಿದ್ಯಾ, ಬಿಳಿ ಅಂಗಿಯ ಧರ್ಮಲಿಂಗಂ. ಅವನು ಗುಂಡಿಯ ಜಾಗಕ್ಕೆ ಗುರಿಯಿಟ್ಟು ಬಂದ, ಡಾಂಬರು ಕಂಡ, ನನ್ನನ್ನು ಕಂಡ. ಕಾರು ಬೆಣ್ಣೆಯ ಮೇಲೆ ಜಾರಿದಂತೆ ನಮ್ಮನ್ನು ದಾಟಿ ಹೋಯಿತು. ವಿದ್ಯಾ ಹಿಂದಕ್ಕೆ ತಿರುಗಿ ಕೈ ಚಾಚಿದಳು, ಅಷ್ಟೇ.

"ಕಂಡ್ರಾ? ಅಣ್ಣಯ್ಯ ನನ್ನ ಬಾಗಿಲ ಮುಂದೆ ಒಂದು ನಿಮಿಷ ನಿಲ್ಸಿದ್ನಾ ಕಂಡ್ರಾ?" ಎಂದರು ಗಣಪತಿ ರಾವ್. ಇಳಿದು ಹೋಗಿ ತಮ್ಮ ಕಾರಿನ ಬಾಗಿಲು ತೆಗೆದರು. "ಇಡೀ ಬೀದಿ ನೋಡ್ತಾ ಉಂಟು. ಹೇಳಿಯೇ ಬರ್ತೇನೆ ಅವನಿಗೆ. ಹತ್ತಿ."

ಏಕೆ ಹತ್ತಿದೆ ಎಂದು ನನಗೆ ಈಗಲೂ ಗೊತ್ತಿಲ್ಲ. ಕಾಫಿ ಲೋಟ ಕೈಯಲ್ಲೇ ಇತ್ತು. ದಿಬ್ಬಣದ ವ್ಯಾನುಗಳು ತಿರುವು ದಾಟುವ ಮೊದಲು ನಮ್ಮ ಕಾರು ವಿದ್ಯಾಳ ಕಾರಿನ ಹಿಂದೆ ನುಗ್ಗಿತು. ರಾಯರು ಬಯ್ಯುತ್ತ ಹಾರನ್ ಬಾರಿಸಿದರು. ಆ ಹಾರನ್ನು ನಾವೇ ತರಿಸಿದ್ದ ಇಂಗ್ಲಿಷ್ ಹಾರನ್, ಬಹಳ ಇಂಪಾಗಿತ್ತು. ಒಂದೇ ಬಣ್ಣದ ಜೋಡಿ ಕಾರು ಸಾಲಾಗಿ ಬರುತ್ತಿವೆ ಎಂದು ಎರಡೂ ಬದಿಯ ಅಂಗಡಿಯವರು ಚಪ್ಪಾಳೆ ತಟ್ಟಿದರು. ಮಹಡಿಯಿಂದ ಯಾರೋ ಹೂವೆಸೆದರು. ದಿಬ್ಬಣದ ವೇಗದಲ್ಲಿ ಬೆನ್ನಟ್ಟುವುದು ಬಹಳ ಕಷ್ಟ. ರಾಯರ ಸಿಟ್ಟು ಎರಡು ಸಲ ಆರಿ ಎರಡು ಸಲ ಹೊತ್ತಿಕೊಂಡಿತು.

ಮಂಟಪದ ಗಲ್ಲಿ ಇಕ್ಕಟ್ಟು. ಬಾಗಿಲ ಮುಂದೆ ಒಂದು ದಿಬ್ಬ. ಧರ್ಮಲಿಂಗಂನ ಕಾರು ದಿಬ್ಬ ಹತ್ತಿ ಇಳಿಯಿತು, ತಂತಿ ಕಳಚಿತು, ಬಾಗಿಲಿಗೆ ಅಡ್ಡವಾಗಿ ನಿಂತಿತು. ಹಿಂದೆ ನಾವು. ನಮ್ಮ ಹಿಂದೆ ದಿಬ್ಬಣದ ವ್ಯಾನುಗಳು. ವಾಸುದೇವ ರಾವ್ ಇಳಿದು ಓಡಿ ಬಂದವರು ತಮ್ಮನನ್ನು ಕಂಡು ನಿಂತರು.

"ಗಾಡಿ ತೆಗಿ."

"ಹಿಂದೆ ನಿನ್ನ ವ್ಯಾನು ಉಂಟು. ಎಲ್ಲಿಗೆ ತೆಗಿಲಿ, ಮೇಲೆ ಹಾರಿಸ್ಲಾ?"

"ನಿನ್ನನ್ನ ಕರ್ದದ್ದು ಯಾರು?"

"ಕೊರಿಯರಿನವ."

ವಿದ್ಯಾ ಸೆರಗು ಹಿಡಿದುಕೊಂಡು ಕಾರಿನಿಂದ ಇಳಿದು ನನ್ನ ಪಕ್ಕ ಹಾಯುವಾಗ "ಸೊನ್ನ ಎಡತ್ತುಲ ನಿಕ್ಕಲ ಆಂಟಿ" ಎಂದಳು. ಹೇಳಿದ ಜಾಗದಲ್ಲಿ ನಿಲ್ಲಲಿಲ್ಲ ಎಂಬ ದೂರು. ನಮ್ಮ ಷೆಡ್ಡಿಗೆ, ಕಾರು ಚೆನ್ನಾಗಿ ಓಡಿತು ಎಂದು ಬಂದ ದೂರು ಅದೊಂದೇ. ಆಮೇಲೆ ಚಿಕ್ಕಪ್ಪನ ಕಾಲಿಗೆ ಬಿದ್ದಳು. ಅವರು ತಲೆ ಮುಟ್ಟಿ ಹರಸಿದರು, ಆದರೆ ಬಾಗಿಲ ಕಡೆ ತಿರುಗಲಿಲ್ಲ. ಪನ್ನೀರು ಹಿಡಿದು ನಿಂತಿದ್ದ ಹೆಂಗಸರು ಏನೂ ಅರಿಯದೆ ಅವರ ಮೇಲೂ ಚಿಮುಕಿಸಿದರು. ಕರೆಯದ ಮದುವೆಯ ಮುಂಬಾಗಿಲು ದಾಟಲಾರೆ ಎಂದು, ಗಲ್ಲಿಯಿಂದ ಹೊರಬೀಳಲು ಪಕ್ಕದ ಓಣಿ ಹಿಡಿದು ನಡೆದರು. ಆ ಓಣಿ ಮಂಟಪದ ಅಡುಗೆಮನೆಯ ಹಿತ್ತಿಲ ಮೇಲೆ ಹಾಯುತ್ತದೆ.

ನಾನು ಅವರನ್ನು ಮನೆಗೆ ಹೋದರೆಂದೇ ತಿಳಿದಿದ್ದೆ. ಧಾರೆ ನಡೆಯುವಾಗ ವಿದ್ಯಾ ಎರಡು ಸಲ ತಲೆಯೆತ್ತಿ ಜನರ ನಡುವೆ ಹುಡುಕಿದಳು. ಒಳಗೆ ಅಡುಗೆಮನೆಯಲ್ಲಿ ಯಾರೋ ಗದರುವ ಧ್ವನಿ ನನಗೆ ಕೇಳಿಸಿತ್ತು ಎಂದು ಈಗ ಅನ್ನಿಸುತ್ತದೆ, ಆಮೇಲೆ ಕಟ್ಟಿಕೊಂಡ ನೆನಪೂ ಇರಬಹುದು.

ಮದುಮಗಳ ತಂದೆ ಉಣ್ಣುವುದು ಕಡೆಯ ಪಂಕ್ತಿಯಲ್ಲಿ. ಷೆಡ್ಡಿನವರಾದ ನಾವೂ ಅದೇ ಪಂಕ್ತಿಯಲ್ಲಿದ್ದೆವು, ನನ್ನ ಎಲೆ ವಾಸುದೇವ ರಾಯರ ಎಲೆಯ ಪಕ್ಕ. ಅನ್ನ ಬಿತ್ತು. ರಾಯರು ತಲೆ ತಗ್ಗಿಸಿ ಅನ್ನದಲ್ಲಿ ಗುಳಿ ಮಾಡಿದರು. ಸೊಂಟಕ್ಕೆ ಅಡುಗೆಯವರ ಕೆಂಪು ಟವೆಲು ಬಿಗಿದ ಒಬ್ಬರು ಬಕೆಟ್ಟಿನಿಂದ ಸಾರು ಬಡಿಸಿ ಮುಂದೆ ಹೋದರು. ರಾಯರು ಒಂದು ತುತ್ತು ಉಂಡರು. ಕೈ ನಿಂತಿತು.

"ಇದು ನಾನು ಗೊತ್ತು ಮಾಡಿದ ಅಡುಗೆಯವನ ಸಾರಲ್ಲ" ಎಂದರು, ಎಲೆಗೆ.

"ಕೊತ್ತಂಬರಿ ಹುರಿದದ್ದು ಸಾಲ್ಲಿಲ್ಲ ಅವನಿಗೆ. ಚೆಲ್ಲಿ ಬೇರೆ ಮಾಡಿದೆ" ಎಂದರು ಬಕೆಟ್ಟಿನವರು ಬೆನ್ನು ತಿರುಗಿಸಿಕೊಂಡೇ.

ಪಂಕ್ತಿಯ ತುದಿಗೆ ಹೋಗಿ ಅವರು ಮರಳಿ ಬಂದರು. ಅಣ್ಣನ ಎಲೆಯ ಮುಂದೆ ನಿಂತು, "ಇನ್ನು ಸ್ವಲ್ಪ?" ಎಂದರು.

ವಾಸುದೇವ ರಾವ್ ಅನ್ನವನ್ನು ಮತ್ತೆ ಗುಡ್ಡೆ ಮಾಡಿ ಗುಳಿ ತೋಡಿದರು. "ಪಂಕ್ತಿಯಲ್ಲಿ ಕೇಳುದಲ್ಲ ಗಣಪ. ಹಾಕುದು."

ಗಣಪತಿ ರಾವ್ ಹಾಕಿದರು. ಗುಳಿ ತುಂಬಿತು, ಅನ್ನ ಕುಸಿಯಿತು, ಸಾರು ಎಲೆಯ ಅಂಚು ದಾಟಿ ಅಣ್ಣನ ರೇಷ್ಮೆ ಪಂಚೆಯ ಮೇಲೆ ಇಳಿಯಿತು. ಸೌಟು ನಿಲ್ಲಲಿಲ್ಲ. ಸಾಕು ಎಂದು ವಾಸುದೇವ ರಾಯರೂ ಹೇಳಲಿಲ್ಲ.